ಪುಟ ಮುಚ್ಚಿದ ಮೇಲೂ

ನನ್ನ ಟೈಲರಿಂಗ್ ಅಂಗಡಿಗೂ ಶಾಲಿನಿಯ ಕಂಪ್ಯೂಟರ್ ಅಂಗಡಿಗೂ ನಡುವೆ ಒಂದೇ ಗೋಡೆ. ಪಹಣಿ, ಪಿಂಚಣಿ ಎಂದು ಅರ್ಧ ಮದ್ದೂರು ಅವಳ ಮುಂದೆ ಕೂರುತ್ತದೆ. ಯಲಿಯೂರಿನವಳು, ಬಿ.ಎಸ್ಸಿ. ಓದಿದವಳು, ಮಹಾ ಹಟಮಾರಿ. ಅಂಥವಳು ಒಂದು ಸೋಮವಾರ ಬಂದವರನ್ನೆಲ್ಲ ವಾಪಸ್ ಕಳಿಸಿ ಬಾಗಿಲು ಹಾಕಿಕೊಂಡಳು. ನನಗೆ ರೇಗಿಹೋಯಿತು.

"ಏನಮ್ಮಿ, ಅಂಗ್ಡಿ ಮುಚ್ಕೊಂಡು ಒಟ್ಟೆಗೆ ಮಣ್ಣು ತಿಂತೀಯಾ?"

"ಬ್ರೌಸರ್‌ನಾಗೆ ತೂತದೆ ಕಣಕ್ಕ. ಜನ ನನ್ ನಂಬಿ ಆಧಾರು, ಬ್ಯಾಂಕು ಎಲ್ಲಾ ಕೊಡ್ತರೆ. ಸರಿಯಾಗೋಗಂಟ ಎಂಗ್ ತುಂಬ್ಲಿ?"

ಆ ಅರ್ಜಿಗಳು ಬೇರೆ ಬ್ರೌಸರಿನಲ್ಲಿ ತೆರೆಯುವುದೂ ಇಲ್ಲವಂತೆ.

ಕನ್ನಡದಲ್ಲಿ ಟೈಪ್ ಮಾಡುವಾಗ ಪದದ ಕೆಳಗೆ ಪುಟ್ಟ ಪಟ್ಟಿ ತೆರೆದು, ಇದಾ ಅದಾ ಎಂದು ಕೇಳುತ್ತದೆ. ನಮ್ಮ ಜನಕ್ಕೋ ಬಸ್ಸಿನ ಅವಸರ. ಪಟ್ಟಿ ತೆರೆದಿರುವಾಗಲೇ "ಬುಡಮ್ಮ, ನಾಳಿಕ್ ಬತ್ತೀನಿ" ಎಂದು ಎದ್ದುಬಿಡುತ್ತಾರೆ. ಅವಳು ಪುಟ ಮುಚ್ಚಿದರೆ ಇಡೀ ಬ್ರೌಸರೇ ಬಿದ್ದುಹೋಗುತ್ತಿತ್ತು. ನಾವೆಲ್ಲ ಕರೆಂಟನ್ನು ಬೈದೆವು, ಅವಳು ಕಾರಣ ಹುಡುಕಿದಳು.

"ಪುಟ ಮುಚ್ದಾಗ ಮಿಸಿನ್ನಿನ ಮೆಮೊರೀಲಿ ಅದ್ಕಿದ್ದ ಜಾಗ ಇನ್ನೊಂದ್ಕೆ ಓಯ್ತದೆ. ಪಟ್ಟಿಗೆ ಅದು ಗೊತ್ತಿಲ್ಲ, ಅಲ್ಲೇ ಕೈ ಆಕ್ತದೆ. ಗುತ್ತಿಗೆಗೆ ಮಾಡ್ತಿದ್ದ ಗದ್ದೆ ಬುಟ್ಕೊಟ್ಟೋನು ಮತ್ತೆ ಓಗಿ ಅದನ್ನೇ ಉತ್ತಂಗೆ. ಅಷ್ಟೊತ್ಗೆ ಅಲ್ಲಿ ಇನ್ನೊಬ್ರ ಪೈರಿರ್ತದೆ. ಕಳ್ಳ ಬೇಕಂತ್ಲೇ ಆ ಜಾಗ ಇಡ್ಕೊಂಡ್ರೆ, ಮಿಸಿನ್ನು ಅವ್ನು ಏಳ್ದಂಗೆ ಕೇಳ್ತದೆ."

ಬ್ರೌಸರ್ ಮಾಡಿದವರಿಗೆ ಬರೆದಳು. ನಮ್ಮಲ್ಲಿ ಬೀಳುತ್ತಿಲ್ಲ ಎಂದು ಉತ್ತರ ಬಂತು. ಪುಣ್ಯಾತ್ಮರು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿದ್ದರು! ಇಂಗ್ಲಿಷಿಗೆ ಆ ಪಟ್ಟಿಯೇ ತೆರೆಯುವುದಿಲ್ಲ. ಶಾಲಿನಿ ನನ್ನನ್ನೇ ಕೂರಿಸಿ, ಕನ್ನಡದಲ್ಲಿ ಟೈಪ್ ಮಾಡಿಸಿ, ವಿಡಿಯೋ ತೆಗೆದು ಕಳಿಸಿದಳು. ಬ್ರೌಸರ್ ಬಿದ್ದಾಗ ನಾನು ಬೈದದ್ದೂ ಅದರಲ್ಲಿದೆ.

ಮುಂದಿನ ಉತ್ತರ ಬಂದಾಗ ನನ್ನನ್ನು ಕರೆದು ಓದಿ ಹೇಳಿದಳು. ಈ ಸಲ ಅವರಲ್ಲೂ ಬ್ರೌಸರ್ ಬಿತ್ತಂತೆ. ಚೀನಾದವರು, ಜಪಾನಿನವರು ಬರೆಯುವುದೂ ಹೀಗೆ ಪಟ್ಟಿಯಿಂದ ಆರಿಸಿಯೇ ಅಂತೆ, ಅವರೆಲ್ಲರಿಗೂ ಇದೇ ಅಪಾಯವಿತ್ತಂತೆ. ಮದ್ದೂರಿನ ಈ ಗೂಡಂಗಡಿಯಲ್ಲಿ ಕೂತು ಎಲ್ಲಿಯವರನ್ನು ಕಾಪಾಡಿದಳಪ್ಪ ಇವಳು!

ಸರಿಮಾಡಿದ ಬ್ರೌಸರ್ ಬಂದ ಬೆಳಿಗ್ಗೆ ಪಟ್ಟಿ ತೆರೆದು, ಪುಟ ಮುಚ್ಚಿದಳು. ಬೀಳಲಿಲ್ಲ. ಮತ್ತೆ ಮುಚ್ಚಿದಳು. ಬೀಳಲಿಲ್ಲ.

"ಅಲ್ಲಾ ಕಣಮ್ಮಿ, ಆ ದೇಸ್ದೋರ್ಗೆಲ್ಲಾ ನೀನ್ಯಾರು ಅಂತ ಗೊತ್ತಾ?"

"ಗೊತ್ತಾಗೋದೇ ಬ್ಯಾಡ ಕಣಕ್ಕ. ಅವ್ರಿಗೆ ಏನೂ ಆಗ್ಲಿಲ್ವಲ್ಲ."

ಕೋಟ್ಯಂತರ ಜನ ಆ ಹೊತ್ತಿಗೆ ಏನೇನೋ ಟೈಪ್ ಮಾಡುತ್ತಿದ್ದಿರಬೇಕು. ಅವರ ಪಾಲಿಗೆ ಅದೊಂದು ಮಾಮೂಲು ಬೆಳಿಗ್ಗೆ. ನನ್ನ ಕಣ್ಣು ತುಂಬಿತು. ಅವಳಾಗಲೇ ಹೊರಗಿದ್ದವರನ್ನು ಕರೆಯುತ್ತಿದ್ದಳು: "ಯಾರ್ದು ಮೊದ್ಲು? ಬನ್ನಿ."