ದಡ್ಡ ಕಾರ್ಡು

ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಮೊದಲ ಫೋಟೋ ತೆಗೆಯುವುದು ಆಕೆಯ ಕೆಲಸ. ಆಯಾಗಳಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರಿಗೂ ಆಕೆ ‘ಪಾಪು ಅಕ್ಕ’. ದಿನವಿಡೀ ತೊಟ್ಟಿಲಿಂದ ತೊಟ್ಟಿಲಿಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಆದರೂ ತೆಗೆದ ಒಂದು ಫೋಟೋವನ್ನೂ ಆಕೆ ಅಳಿಸಿದವಳಲ್ಲ. ಫೋಟೋ ಇದ್ದ ಫೋನು ಕಳೆದುಕೊಂಡ ತಂದೆತಾಯಿ ವರ್ಷಗಳಾದ ಮೇಲೂ ಹುಡುಕಿಕೊಂಡು ಬರುತ್ತಿದ್ದರು. “ಹುಟ್ಟಿದ ದಿನದ ಮುಖಾನ ಮತ್ತೆ ಎಲ್ಲಿಂದ ತರೋದು?” ಎನ್ನುತ್ತಿದ್ದಳು ಆಕೆ.

ಆ ಫೋಟೋಗಳಿಗೆಂದೇ ಮನೆಯಲ್ಲೊಂದು ಸರ್ವರ್ ಇತ್ತು. ಕಪ್ಪು ಪೆಟ್ಟಿಗೆ, ಒಳಗೆ ಸಾಲಾಗಿ ಹಾರ್ಡ್ ಡಿಸ್ಕುಗಳು, ಅವನ್ನೆಲ್ಲ ಆಳಲು ಒಂದು ಕಂಟ್ರೋಲರ್ ಕಾರ್ಡು. ಕಟ್ಟಿಕೊಟ್ಟವನು ಪ್ರಿಂಟರ್ ರಿಪೇರಿ ಮಾಡುವ ಮೈದುನ. ಕಾರ್ಡು ಯಾವುದೋ ಮುಚ್ಚಿಹೋದ ಆಫೀಸಿನದು. ಬೇಗ ಕಾಯುವ ಅದಕ್ಕೆ ಜೋರು ಗಾಳಿ ಬೇಕು, ಗಾಳಿಗೆ ಜೋರು ಫ್ಯಾನು. ಬಸ್ ಡ್ರೈವರ್ ಆದ ಗಂಡ ಪಾಳಿ ಮುಗಿಸಿ ಹಗಲು ಮಲಗುವವನು. ಆ ಸದ್ದಿಗೆ ನಿದ್ದೆ ಬಾರದೆ ಪೆಟ್ಟಿಗೆಯನ್ನು ಚಪ್ಪಲಿ ಬೀರುವಿನೊಳಕ್ಕೆ ತಳ್ಳಿ ಬಾಗಿಲು ಹಾಕಿದ. ಬೇಸಗೆ ಬಂತು. ಒಂದು ಬೆಳಿಗ್ಗೆ ಯಾವ ಫೋಟೋವೂ ತೆರೆಯಲಿಲ್ಲ.

ಮೈದುನ ಬಂದು ಚಪ್ಪಲಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆ ಬಿಚ್ಚಿದ. “ಡಿಸ್ಕುಗಳು ಚೆನ್ನಾಗೇ ಇವೆ ಅತ್ತಿಗೆ. ಕಾರ್ಡು ಬೆಂದುಹೋಗಿದೆ.”

“ಬೇರೆ ಕಾರ್ಡು ಹಾಕು ಮತ್ತೆ.”

“ಆಗಲ್ಲ. ಒಂದೊಂದು ಫೋಟೋನೂ ಚೂರು ಮಾಡಿ ಎಲ್ಲಾ ಡಿಸ್ಕಿಗೂ ಹಂಚಿದೆ ಈ ಪುಣ್ಯಾತ್ಮ. ಆ ಹಂಚಿಕೆ ಇದೇ ಥರದ ಕಾರ್ಡಿಗೆ ಮಾತ್ರ ಅರ್ಥ ಆಗೋದು. ಇದನ್ನ ಈಗ ಯಾರೂ ತಯಾರಿಸಲ್ಲ.”

ಆಕೆಗೆ ಅಳುವ ತ್ರಾಣವೂ ಇರಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.

ಅದೇ ವಾರ ವಾರ್ಡಿನ ಬಾಗಿಲಲ್ಲಿ ಒಬ್ಬಳು ಕಾದು ನಿಂತಿದ್ದಳು. ಅವಳ ಮಗು ಒಂದೇ ದಿನ ಬದುಕಿತ್ತು. ಅಂದು ತೆಗೆದ ಫೋಟೋ ಕೊಡಹೋದಾಗ ಬೇಡವೆಂದು ಮುಖ ತಿರುಗಿಸಿದ್ದವಳು. “ಆಗ ನೋಡೋ ಧೈರ್ಯ ಇರಲಿಲ್ಲ ಅಕ್ಕ,” ಎಂದಳು. “ಈಗ ಬಂದಿದೆ. ಇದೆಯಾ?”

“ಇದೆಯಮ್ಮ. ಸ್ವಲ್ಪ ದಿನ ಕೊಡು,” ಎಂದುಬಿಟ್ಟಳು ಪಾಪು ಅಕ್ಕ.

ರಜೆ ಸಿಕ್ಕಾಗಲೆಲ್ಲ ಅತ್ತಿಗೆ ಮೈದುನ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳನ್ನು ಅಲೆದರು. ಸಿಕ್ಕ ಮೊದಲ ಕಾರ್ಡು ನಕಲಿ. ಇನ್ನೊಂದು ಡಿಸ್ಕುಗಳನ್ನು ಗುರುತಿಸಿ, ಅರ್ಧಕ್ಕೇ ಕೈಕೊಟ್ಟಿತು. “ನಮ್ಮ ಹಣೆಬರಹವೇ ಇಷ್ಟು, ಬಿಡು,” ಎಂದಳು. ಮೈದುನ ಬಿಡಲಿಲ್ಲ. ಕೊನೆಗೆ ಧೂಳು ಮೆತ್ತಿದ ಮತ್ತೊಂದನ್ನು ತಂದು, ಟೇಬಲ್ ಫ್ಯಾನನ್ನು ಅದಕ್ಕೇ ತಿರುಗಿಸಿಟ್ಟ. ಫೋಟೋಗಳು ಒಂದೊಂದಾಗಿ ಹೊಸ ಡಿಸ್ಕುಗಳಿಗೆ ಇಳಿಯತೊಡಗಿದವು. ಮನೆಯವರು ಸೆಕೆಯಲ್ಲಿ ಬೆವರಿದರು.

ಆ ಮಗುವಿನ ಫೋಟೋ ಇತ್ತು. ಮಗು ಮುಷ್ಟಿ ಬಿಗಿದು, ಹುಬ್ಬು ಗಂಟಿಕ್ಕಿಕೊಂಡು ಮಲಗಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿ, “ಸಿಡುಕು ಥೇಟ್ ಅವರಪ್ಪಂದೇ,” ಎಂದಳು. ಪಾಪು ಅಕ್ಕ ಅವಳ ಕೈ ಹಿಡಿದುಕೊಂಡು ಕೂತಳು.

ಇನ್ನು ಹೊಸ ಡಿಸ್ಕುಗಳಿಗೆ ಹೊಸ ಕಾರ್ಡು ಆರಿಸಬೇಕು. ಮೈದುನನ ಹುಮ್ಮಸ್ಸು ಇಳಿದಿರಲಿಲ್ಲ. “ಇದು ನೋಡಿ ಅತ್ತಿಗೆ. ಸ್ವಂತ ಮೆಮೊರಿ, ಸ್ವಂತ ಬ್ಯಾಟರಿ. ಎಲ್ಲಾ ಅದೇ ಯೋಚನೆ ಮಾಡುತ್ತೆ.”

“ಹಳೇದೂ ಹಾಗೇ ತಾನೆ ಮಾಡಿದ್ದು? ಏನೂ ಯೋಚನೆ ಮಾಡದ ಕಾರ್ಡು ಇಲ್ವಾ?”

“ಇದೆ. ಡಿಸ್ಕುಗಳನ್ನ ಕಂಪ್ಯೂಟರಿಗೆ ತೋರಿಸಿ ಸುಮ್ಮನಿರುತ್ತೆ. ಉಳಿದದ್ದೆಲ್ಲ ಸಾಫ್ಟ್‌ವೇರ್ ನೋಡ್ಕೋಬೇಕು.”

“ಅದು ಸತ್ರೆ?”

“ಆ ಥರದ್ದು ಯಾವುದಾದರೂ ಹಾಕಿದ್ರಾಯ್ತು.”

“ಹಾಗಾದ್ರೆ ಆ ದಡ್ಡ ಕಾರ್ಡೇ ಇರಲಿ. ಜಾಣರನ್ನ ಸಾಕಿ ಸಾಕಾಗಿದೆ.”

ಗಂಡ ತಾನಾಗಿಯೇ ಪೆಟ್ಟಿಗೆಯನ್ನು ಬೀರುವಿನಿಂದ ಎತ್ತಿ ಕಿಟಕಿಯ ಬಳಿ ಇಟ್ಟ. “ಎಂಜಿನ್ ಪಕ್ಕ ಕೂರೋನಿಗೆ ಈ ಫ್ಯಾನು ಯಾವ ಲೆಕ್ಕ?” ಎಂದ. ಇದನ್ನ ಆಗಲೇ ಹೇಳಬಾರದಿತ್ತೇ ಎಂಬ ಮಾತು ಆಕೆಯ ತುಟಿಯವರೆಗೆ ಬಂತು. ನುಂಗಿಕೊಂಡಳು.

ಈಗ ಆಕೆ ಎಲ್ಲ ಫೋಟೋಗಳ ಇನ್ನೊಂದು ಪ್ರತಿಯನ್ನು ಊರಾಚೆಯ ತಂಗಿಯ ಮನೆಯಲ್ಲಿಡುತ್ತಾಳೆ. ಆಗಾಗ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಗಂಡನ ಬಸ್ಸನ್ನೇ ಹತ್ತುತ್ತಾಳೆ. ಸೀಟು ಸಿಕ್ಕಿದ ತಕ್ಷಣ ಕಣ್ಣು ಮುಚ್ಚಿಹೋಗುತ್ತದೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಗಂಡ ಎದ್ದು ಬಂದು ಎಬ್ಬಿಸುತ್ತಾನೆ.