ಎರಡು ಕಂಬ ನಡಿಗೆ, ಒಂದು ಕಂಬ ಓಟ

ಹೋದ ತಿಂಗಳು ಒಂದು ಭಾನುವಾರ ನಮ್ಮಣ್ಣ ತೀರಿಕೊಂಡನೆಂದು ಸುದ್ದಿಯಾಯಿತು. ಅಣ್ಣ ಆಗ ಮರಳೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ.

ಸುದ್ದಿ ಹುಟ್ಟಿದ್ದು ಯಾರ ಬಾಯಿಂದಲೂ ಅಲ್ಲ. ನಮ್ಮ ಅತ್ತಿಗೆಯ ಕಾಲಿಂದ.

ಮೊದಲಿಂದ ಹೇಳುತ್ತೇನೆ. (ಅತ್ತಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಮಾತ್ರ ಹಾಕ್ಬೇಡ ಕಣೆ" ಎಂದರು.)

ಅತ್ತಿಗೆಗೆ ಎರಡು ಸಲ ಗರ್ಭ ನಿಂತು ಎರಡು ಸಲವೂ ಹೋಯಿತು. ಎರಡನೆಯ ಸಲ ಅವರು ಉಳಿದದ್ದೇ ಹೆಚ್ಚು. ಆಮೇಲೆ ಮೈ ಬಂತು. ಲೇಡಿ ಡಾಕ್ಟರು ಬಿ.ಪಿ. ನೋಡಿ, ತೂಕದ ಮೆಷೀನಿನ ಮೇಲೆ ನಿಲ್ಲಿಸಿ, ನೇರವಾಗಿ ಹೇಳಿದರು: ತೂಕ ಇಳಿಯದೆ ಇನ್ನೊಂದು ಮಗುವಿನ ಯೋಚನೆ ಬೇಡ.

"ಹೆಂಗೆ ಇಳಿಸೋದು ಡಾಕ್ಟ್ರೇ?"

"ಬೆಳಿಗ್ಗೆ ಎದ್ದು ಎರಡು ಲೈಟುಕಂಬ ನಡೀರಿ, ಒಂದು ಕಂಬ ಓಡಿ. ಮತ್ತೆ ಎರಡು ನಡೀರಿ. ಸುಸ್ತಾದ್ರೆ ನಿಲ್ಸಿ. ನಿಧಾನಕ್ಕೆ ಓಟ ಜಾಸ್ತಿ ಮಾಡಿ."

ಕೇಳಲು ಸುಲಭ. ಸೀರೆಯುಟ್ಟು ಓಡಿ ನೋಡಿದ್ದೀರಾ?

ಅಮ್ಮ ಮೂಗಿನ ಮೇಲೆ ಬೆರಳಿಟ್ಟರು. "ನಮ್ ಕಾಲ್ದಲ್ಲಿ ಬಸುರಿ ಓಡ್ಬೇಡ ಅಂತಿದ್ರು. ಈಗ ಬಸುರಿ ಆಗೋಕೇ ಓಡ್ಬೇಕಂತೆ, ಚೆನ್ನಾಗದೆ!" ಆದರೂ ತಡೆಯಲಿಲ್ಲ. ಮೊಮ್ಮಗು ಅವರಿಗೂ ಬೇಕಿತ್ತು.

ಅಣ್ಣನ ಹಳೆಯ ಕ್ಯಾನ್ವಾಸ್ ಶೂಗಳ ತುದಿಗೆ ಬಟ್ಟೆ ತುರುಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅತ್ತಿಗೆ ಕುಣಿಗಲ್ ರಸ್ತೆಗೆ ಇಳಿದರು. ನಾನು ಕಡ್ಡಿ, ತೂಕದ ಚಿಂತೆಯವಳಲ್ಲ. ಕಾವಲಿಗೆ ಹೋದೆ. ಅತ್ತಿಗೆಯ ಕೈಯಲ್ಲಿ ಒಂದು ಹೂಬುಟ್ಟಿ. "ಬರಿಗೈಲಿ ಹೋಗೋ ಹೆಂಗಸು ಎಲ್ರ ಕಣ್ಣಿಗೂ ಬೀಳ್ತಾಳೆ ಕಣೆ." ಬುಟ್ಟಿಯಿದ್ದರೆ ದೇವರಿಗೆ ಹೂವು ತರಲು ಹೊರಟಂತೆ! ಹೀಗಾಗಿ ಡಾಕ್ಟರು ಕೊಟ್ಟ ಲೆಕ್ಕ ಬೇರೆ, ನಾವು ಓಡಿದ ಲೆಕ್ಕ ಬೇರೆ. ಜನ ಕಂಡರೆ ನಡಿಗೆ, ಕಾಣದಿದ್ದರೆ ಓಟ.

ಮೊದಮೊದಲು ಅತ್ತಿಗೆ ಒಂದು ಕಂಬ ಓಡಿ ಮುಂದಿನ ಕಂಬವನ್ನು ತಬ್ಬಿ ನಿಲ್ಲುತ್ತಿದ್ದರು. ಆಮೇಲೆ ಒಂದು ದಿನ ನಿಲ್ಲದೆ ಎರಡು ಕಂಬ ದಾಟಿದರು. "ನೋಡೇ, ಮೇಲುಸಿರೇ ಹತ್ಲಿಲ್ಲ!" ಎಂದು ನಡುರಸ್ತೆಯಲ್ಲಿ ನಕ್ಕರು. ಎರಡು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮೆಷೀನಿನ ಮುಳ್ಳು ಹಿಂದಕ್ಕೆ ಸರಿಯಿತು. (ಆ ಖುಷಿಗೆ ಮನೆಯಲ್ಲಿ ಕೇಸರಿಬಾತ್ ಮಾಡಿದರು. ತಾವು ಮಾತ್ರ ತಿನ್ನಲಿಲ್ಲ.)

ಆ ಭಾನುವಾರ ಮಂಜು ಕವಿದಿತ್ತು. ಮನೆಯ ಕಡೆಗೆ ಓಡಿ ಬರುತ್ತಿದ್ದೆವು. ಎದುರಿಗೆ ಕೊಡೆ ಹಿಡಿದ ಯಜಮಾನರೊಬ್ಬರು ಹತ್ತಿರ ಬರುವವರೆಗೂ ಕಾಣಲೇ ಇಲ್ಲ. ಅತ್ತಿಗೆಯ ತವರೂರಾದ ಕಡಬದವರು. ಮರಳೂರಿನ ಮಗಳ ಮನೆಗೆ ಬಂದು, ಊರಿಗೆ ಮೊದಲ ಬಸ್ಸು ಹಿಡಿಯಲು ಹೊರಟವರು.

"ಯಾಕವ್ವಾ? ಏನಾಯ್ತವ್ವಾ?"

ಊರಿನವರ ಕಣ್ಣಿಗೆ ಬಿದ್ದೆನಲ್ಲ ಎಂಬ ನಾಚಿಕೆಗೆ ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಉತ್ತರ ಕೊಡದೆ ಇನ್ನೂ ಜೋರಾಗಿ ಓಡಿದರು. ನಾನು ಹಿಂದೆ.

ಗಂಡಸು ಓಡಿದರೆ ಬಸ್ಸಿಗೆ, ಇಲ್ಲವೇ ಪೊಲೀಸ್ ಸೆಲೆಕ್ಷನ್ನಿಗೆ. ಹೆಂಗಸು ಓಡಿದರೆ? ನಲ್ಲಿಯಲ್ಲಿ ನೀರು ಬಂದಿರಬೇಕು, ಇಲ್ಲವೇ ಯಾರೋ ಹೋಗಿರಬೇಕು. ಮುಖ ಮುಚ್ಚಿಕೊಂಡು ಮನೆಯ ಕಡೆ ಓಡುವ ಹೆಂಗಸಿಗಂತೂ ನಮ್ಮ ಕಡೆ ಒಂದೇ ಅರ್ಥ. ಆ ಅರ್ಥವನ್ನೇ ಹೊತ್ತುಕೊಂಡು ಯಜಮಾನರು ಕಡಬದ ಬಸ್ಸು ಹತ್ತಿದರು.

ಹನ್ನೊಂದರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಗೋಳು ಎದ್ದಿತು. "ಅಯ್ಯೋ ನನ್ ಕಂದಾ, ಹಿಂಗಾಗೋಯ್ತಲ್ಲವ್ವಾ ನಿನ್ ಬಾಳು!" ಸಾವಿನ ಮನೆಗೆ ಪರವೂರಿನಿಂದ ಬರುವವರು ಬೀದಿಯ ತುದಿಯಿಂದಲೇ ಅಳುತ್ತ ಬರುವುದು ರೂಢಿ. ಯಾರ ಮನೆಯಲ್ಲಿ ಏನಾಯಿತೋ ಎಂದು ಅಣ್ಣ ಸೋಪಿನ ಮುಖದಲ್ಲೇ ಹೊರಗೆ ಹೋದ. ನೋಡಿದರೆ, ಅತ್ತಿಗೆಯ ಚಿಕ್ಕಮ್ಮ ಎದೆ ಬಡಿದುಕೊಳ್ಳುತ್ತಿದ್ದಾರೆ. ಅತ್ತಿಗೆಯ ತಂದೆ ಕಾಂಪೌಂಡಿಗೆ ಒರಗಿ ನೆಲದ ಮೇಲೆ ಕೂತಿದ್ದಾರೆ.

"ಯಾರು ಮಾವ? ಯಾರು ಹೋದ್ರು?" ಎಂದು ಅಣ್ಣನೇ ಕೇಳಿದ.

ಮಾವ ಅವನನ್ನು ನೋಡಿದರು. ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತರು.

ಪಕ್ಕದ ಮನೆಯವರು, "ಸತ್ತ ಸುದ್ದಿ ಬಂದೋರಿಗೆ ಆಯಸ್ಸು ಜಾಸ್ತಿ ಬಿಡಿ" ಎಂದು ನಗಿಸಿದರು. ಕಾಫಿಯಾಯಿತು. ಅಮ್ಮ ಮಾತ್ರ ನಗದೆ ಮಗನಿಗೆ ಉಪ್ಪು ನಿವಾಳಿಸಿದರು.

ಓಡಿದ್ದು ಯಾಕೆಂದು ಅತ್ತಿಗೆ ತಂದೆಯ ಎದುರು ಹೇಳಲಾರದೆ ನಿಂತರು. ನಾನು ಹೇಳಿದೆ. ಚಿಕ್ಕಮ್ಮ, "ಓಡೋರ್ಗೆಲ್ಲ ಮಕ್ಳಾಗಂಗಿದ್ರೆ ಬಸ್ಸಿನ್ ಹಿಂದೆ ಓಡೋರ್ಗೆ ಎಷ್ಟಾಗ್ಬೇಕಿತ್ತು! ಬುಡವ್ವ ಅತ್ಲಾಗೆ" ಎಂದರು. ತಂದೆ ತಮಾಷೆ ಮಾಡಲಿಲ್ಲ.

"ಕಡಬದಿಂದ ಇಲ್ಲಿಗಂಟ ನಿನ್ನ ಬರೀ ಹಣೇಲೇ ಕಣ್ಮುಂದೆ ಕಾಣ್ತಾ ಬಂದೆ ಕಣವ್ವ. ಇನ್ನೊಂದ್ಸಲ ನನ್ ಕೈಲಿ ಆಗಾಕಿಲ್ಲ. ಇನ್ ಓಡಲ್ಲ ಅಂತ ಭಾಷೆ ಕೊಡು."

ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ನೆಲ ನೋಡುತ್ತಿದ್ದ. ಅತ್ತಿಗೆ ತಂದೆಯ ಅಂಗೈ ಮೇಲೆ ಕೈಯಿಟ್ಟರು.

ಈಗಲೂ ಬೆಳಿಗ್ಗೆ ಹೋಗುತ್ತೇವೆ. ಬರೀ ನಡಿಗೆ. ಎಷ್ಟೋ ಸಲ ಕಣ್ಣು ಹಾಯುವಷ್ಟು ದೂರ ರಸ್ತೆ ಖಾಲಿ ಇರುತ್ತದೆ. "ಯಾರೂ ಇಲ್ಲ ಅತ್ತಿಗೆ, ಒಂದೇ ಒಂದು ಕಂಬ" ಎನ್ನುತ್ತೇನೆ. "ಭಾಷೆ ಕೊಟ್ಟಿದೀನಲ್ಲೇ" ಎನ್ನುತ್ತಾರೆ. ಅಣ್ಣನನ್ನು ಕೇಳಿದರೆ, "ವಯಸ್ಸಾದವರ ಮನಸ್ಸು ನೋಯಿಸೋದು ಬೇಡ ಬಿಡೇ" ಎಂದ. ಸತ್ತನೆಂದು ಸುದ್ದಿಯಾದವನು ಅವನು, ಬದುಕಿದ್ದಾನೆ. ಓಟ ನಿಂತದ್ದು ಅತ್ತಿಗೆಯದು.

ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಇಳಿಯುತ್ತಿದ್ದ ಮುಳ್ಳು ಮತ್ತೆ ಮೇಲಕ್ಕೆ ಹೊರಟಿದೆ. "ಓಟ ನಿಲ್ಸಿದ್ರಾ? ಯಾಕೆ?" ಅತ್ತಿಗೆ ಮೆಷೀನಿನಿಂದ ಇಳಿದರು. "ವಯಸ್ಸು ಯಾರ್ಗೂ ಕಾಯಲ್ಲಮ್ಮ" ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಆ ತಂದೆಯ ಸಂಕಟ ಸುಳ್ಳಲ್ಲ. ಅವರಿಗೆ ಕೊಟ್ಟ ಭಾಷೆ ದೊಡ್ಡದು, ಒಪ್ಪುತ್ತೇನೆ. ಇನ್ನೂ ಹುಟ್ಟದ ಮಗುವಿಗೆ ಭಾಷೆ ಕೊಟ್ಟವರು ನಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ?