ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ರೋಗಿಯನ್ನು ಎದುರಿಗೇ ಕೂರಿಸಿಕೊಂಡು ಅವನ ಸಾವಿನ ಸುದ್ದಿ ಹೇಳುತ್ತಾರೆಂದು ನನಗೆ ಗೊತ್ತಾದದ್ದು ಮುಂಬಯಿಗೆ ಬಂದ ಮೇಲೆ. ಲೋಕಲ್ ಗಾಡಿಯ ನೂಕುನುಗ್ಗಲಿಗೆ ಎಂಟು ದಿನದಲ್ಲಿ ಹೊಂದಿಕೊಂಡೆ. ಇದಕ್ಕೆ ಮಾತ್ರ ಈಗಲೂ ಆಗಿಲ್ಲ.

ನಾನಿದ್ದದ್ದು ಧಾರಾವಿಯ ಚಾಳಿನಲ್ಲಿ, ರಾಮಣ್ಣಮಾಮನ ಖೋಲಿಯಲ್ಲಿ. ಖೋಲಿ ಎಂದರೆ ಒಂದೇ ಕೋಣೆ. ಅಡಿಗೆ, ನಿದ್ದೆ ಎಲ್ಲ ಅಲ್ಲೇ. ಮಾಮ ನೆಂಟರಲ್ಲ, ವಿಜಾಪುರ ಕಡೆಯ ನಮ್ಮೂರಿನವರು, ಅಷ್ಟೇ. ಬಟ್ಟೆ ಗಿರಣಿಯಲ್ಲಿ ಕೆಲಸ. ಹೆಂಡತಿ, ಮಗಳು ಊರಲ್ಲಿ. ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ಪೆಚ್ಚಾಗಿ ನಿಂತಿದ್ದ ನನ್ನನ್ನು ಕರೆತಂದು ರೊಟ್ಟಿ ಬಡಿದು ಹಾಕಿದ್ದರು. ನಾನು ಹಗಲು ಗುಮಾಸ್ತ, ಸಂಜೆ ಕಾಲೇಜಿನಲ್ಲಿ ನೀತಿಶಾಸ್ತ್ರದ ವಿದ್ಯಾರ್ಥಿ. ಯಾರ ಹಿತಕ್ಕೆ ಹೇಳಿದರೂ ಸುಳ್ಳು ಸುಳ್ಳೇ ಎಂಬ ಪಶ್ಚಿಮದ ಪಂಡಿತರ ವಾದವನ್ನು ಇಂಗ್ಲಿಷಿನಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆ ಜಂಬವೂ ಇತ್ತು.

ಆಷಾಢದಲ್ಲಿ ಮಾಮನ ಹೊಟ್ಟೆನೋವು ಹೆಚ್ಚಾಯಿತು. ಆಸ್ಪತ್ರೆಯ ಡಾಕ್ಟರು ಇಂಗ್ಲೆಂಡಿನವರು, ನಾನೇ ದುಭಾಷಿ. ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದು ತೆಗೆಯುವ ಹಂತ ದಾಟಿದೆ, ಎರಡು ತಿಂಗಳು ಉಳಿದರೆ ಹೆಚ್ಚು ಎಂದು ಅವರು ನಿಧಾನವಾಗಿ ವಿವರಿಸಿದರು. "ಅವರಿಗೇ ಹೇಳಿ. ಅದು ಅವರ ಬದುಕು."

ನಾನು ಮಾಮನ ಕಡೆ ತಿರುಗಿ, "ಹುಣ್ಣಾಗ್ಯದಂತ ಮಾಮಾ. ಔಷಧಾ ತಗೊಂಡ್ರ ಕಡಿಮಿ ಆಗ್ತದಂತ" ಎಂದೆ. ನಮ್ಮ ಕಡೆ ಇಂಥ ಸುದ್ದಿಯನ್ನು ಮನೆಯವರು ಹೊರಗೆ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, ಒಳಗೆ ಹೋಗಿ ರೋಗಿಗೆ ಗಂಜಿ ಕುಡಿಸುತ್ತಾರೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಟ್ರಾಮಿನಲ್ಲಿ ಮಾಮ, "ಹಂಗಾದ್ರ ದೀಪಾವಳಿಗೇ ಊರಿಗೆ ಹೋಗತೇನಿ" ಎಂದರು. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿತ್ತು. ನನ್ನ ಕರುಣೆಯಿಂದ ಅವರು ಹೆಂಡತಿ ಮಗಳ ಮುಖ ನೋಡದೆ ಹೋಗಿಬಿಡುತ್ತಿದ್ದರು. ಡಾಕ್ಟರ ಮಾತು ಆಗ ಅರ್ಥವಾಯಿತು. ಆದರೆ ಡಾಕ್ಟರು ಸತ್ಯ ಹೇಳಿ ಮುಂದಿನ ರೋಗಿಯನ್ನು ಕರೆಯಬಹುದು. ನಾನು ಅದೇ ಖೋಲಿಯಲ್ಲಿ ಅವರ ಪಕ್ಕ ಚಾಪೆ ಹಾಸಬೇಕಿತ್ತು.

ಮೂರು ದಿನ ಮಾಮನ ಕಣ್ಣು ತಪ್ಪಿಸಿ ತಿರುಗಿದೆ. ಭಾನುವಾರ ಮಾಮ ರೊಟ್ಟಿ ಬಡಿಯುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಹಂಚಿನ ಮೇಲಿದ್ದ ರೊಟ್ಟಿ ಮಗುಚಿ ಹಾಕಿದರು.

"ಸಾಹೇಬ್ರು ಭಾಳ ಹೊತ್ತು ಮಾತಾಡಿದ್ರು. ನೀ ಎರಡ ಮಾತಿನ್ಯಾಗ ಮುಗಿಸಿದಿ. ಅನಮಾನ ಇತ್ತು ತಮ್ಮಾ, ಕೇಳಾಕ ಧೈರ್ಯ ಸಾಲಲಿಲ್ಲ."

ಹಂಚಿನಿಂದ ರೊಟ್ಟಿ ಇಳಿಸಿ, "ಮುಂದಿನ ವಾರ ಹೋಗತೇನಿ. ರಜಾ ಸಿಕ್ಕದ, ಆರಾಮಿದ್ದೇನಿ ಅಂತ ಒಂದು ಕಾಗದಾ ಬರಿ" ಎಂದರು.

"ಅತ್ತೀಗೂ ಖರೇ ಸಂಗತಿ ತಿಳೀಬೇಕಲ್ಲ ಮಾಮಾ?"

"ತಿಳೀತದ. ಮೊದಲ ನನ್ನ ನೋಡಿ ಎರಡ ದಿನಾ ನಗಲಿ."

ಅವರು ಹೇಳಿದಂತೆಯೇ ಬರೆದೆ. ಔಷಧಿಗೆಂದು ಹೋದಾಗ ಡಾಕ್ಟರು, "ಅವರಿಗೆ ಹೇಳಿದಿರಾ?" ಎಂದು ಕೇಳಿದರು. ಹೇಳಿದೆ ಎಂದಾಗ ಒಳ್ಳೆಯ ಕೆಲಸ ಮಾಡಿದಿರಿ ಎಂದರು. ಕಾಗದದ ವಿಷಯ ನಾನು ಎತ್ತಲಿಲ್ಲ.

ದಸರೆಗೆ ಮೊದಲೇ ಮಾಮ ಊರಲ್ಲಿ ತೀರಿಕೊಂಡರು. ದೀಪಾವಳಿಗೆ ನಾನು ಹೋದಾಗ ಅತ್ತಿ ಊಟಕ್ಕೆ ಕರೆದರು. ನನ್ನ ಕಾಗದವನ್ನು ದೇವರ ಗೂಡಿನಲ್ಲಿ ಮಡಚಿಟ್ಟಿದ್ದರು.

"ನಿನಗ ಗೊತ್ತಿತ್ತೇನಪಾ?"

ಮುಂಬಯಿಯಲ್ಲಿ ಯಾರಾದರೂ ಕೇಳಿದ್ದರೆ ಹೌದು ಎನ್ನುತ್ತಿದ್ದೆ. "ಇಲ್ಲ ಅತ್ತಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.